ಪಾದದ ಮೇಲಿಟ್ಟ ಕೈ

ಮೆದುಳಿನ ಚಿತ್ರ ತೆಗೆಯುವ ಆ ಯಂತ್ರದೊಳಗೆ ಒಂದು ಮಗು ಒಂದು ಗಂಟೆ ಮಲಗಿ ಎದ್ದರೆ ಆಗುವ ಖರ್ಚು ಪಿನ್ನಕ್ಕನ ಹತ್ತು ದಿನದ ಸಂಬಳ. ಮಲಗಿದ ಮಗುವಿಗೆ ಸಿಗುವುದು ಒಂದು ಜೊತೆ ಶಾಲೆಯ ಬೂಟಿನ ದುಡ್ಡು, ಜೊತೆಗೆ ಬಂದವರಿಗೆ ಬಸ್ಸಿನ ದುಡ್ಡು, ಇಬ್ಬರಿಗೂ ಸೇರಿ ಒಂದು ಪೊಟ್ಟಣ ಬಿಸ್ಕತ್ತು. ಮಗು ಒಂದು ಸಲ ಸೀನಿದರೆ ಆರು ನಿಮಿಷದ ಚಿತ್ರ ಹಾಳು. ಆರು ನಿಮಿಷವೆಂದರೆ ಅವಳ ಒಂದು ದಿನದ ದುಡಿಮೆ. ಮೂಗು ತುರಿಸಿಕೊಂಡರೂ ಅಷ್ಟೇ, ಅಮ್ಮ ಎಲ್ಲಿ ಎಂದು ಕತ್ತು ತಿರುಗಿಸಿದರೂ ಅಷ್ಟೇ. ಈ ಲೆಕ್ಕವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಟು ವರ್ಷ ಅವರಿವರ ಮಾತಿಗೆ ಕಿವಿಗೊಟ್ಟು ತಾನೇ ಜೋಡಿಸಿಕೊಂಡದ್ದು. ಅಲುಗದೆ ಮಲಗಿದ ಮಗುವೆಂದರೆ ಉಳಿತಾಯ. ತಾನು ಇಷ್ಟು ವರ್ಷದಲ್ಲಿ ಉಳಿಸಿಕೊಟ್ಟ ನಿಮಿಷಗಳನ್ನೆಲ್ಲ ಕೂಡಿದರೆ ಒಂದು ಸಣ್ಣ ಮನೆಯನ್ನೇ ಕಟ್ಟಬಹುದಿತ್ತೆಂದು ಬಸ್ಸಿನಲ್ಲಿ ನಿಂತುಕೊಂಡು ಯೋಚಿಸುವುದು ಅವಳಿಗೆ ಅಭ್ಯಾಸ. ಇವತ್ತು ಮಾತ್ರ ಲೆಕ್ಕ ಮುಂದೆ ಸಾಗದೆ ಒಂದೇ ಕಡೆ ಸಿಕ್ಕಿಕೊಂಡಿತ್ತು. ಅಲುಗದ ಮಗುವಿನ ಚಿತ್ರ ಮಸುಕಾಗುವುದು ಹೇಗೆ?

ಬೆಳಿಗ್ಗೆ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದಾಗ ತಂಗಿ ಆ ಮಾತು ಎತ್ತಿದ್ದಳು. ಅಕ್ಕತಂಗಿಯರದು ಅಕ್ಕಪಕ್ಕದ ಮನೆ, ನಡುವೆ ಒಂದೇ ನಲ್ಲಿ. ತಂಗಿ ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವಳು. ಯಾವ ಸುದ್ದಿಯನ್ನಾದರೂ ಮಡಿಕೆ ಬೀಳದಂತೆ ಸಪಾಟಾಗಿ ಹೇಳುವುದು ಅವಳ ಸ್ವಭಾವ.

"ಅಕ್ಕ, ನಿಮ್ಮ ಆಫೀಸಿಂದ ನಿನ್ನೆ ಫೋನ್ ಬಂದಿತ್ತು. ಪಾಪುದು ಚಿತ್ರ ಮಸುಕಾಗಿದೆಯಂತೆ. ಇನ್ನೊಂದು ಸಲ ಕರ್ಕೊಂಡು ಬನ್ನಿ ಅಂದ್ರು."

"ಯಾರು ಮಾಡಿದ್ದು ಫೋನು?"

"ಡಾಕ್ಟರಮ್ಮನೇ ಮಾಡಿದ್ರು."

"ಯಾವತ್ತು ಬರ್ಬೇಕಂತೆ?"

"ಗುರುವಾರ. ಅಯ್ಯೋ ಗುರುವಾರ ನಮ್ಮಕ್ಕಂಗೆ ರಜೆ ಅಲ್ವಾ ಮೇಡಂ ಅಂದೆ. ಪರವಾಗಿಲ್ಲ, ಬೇರೆಯವರು ಇರ್ತಾರೆ ಅಂದ್ರು." ತಂಗಿ ಬಕೆಟ್ಟು ಎತ್ತಿಕೊಂಡಳು. "ಹೋಗೋದು ತಾನೆ? ನೀನು ಹೇಳಿದ ಹಾಗೆ."

ನೀನು ಹೇಳಿದ ಹಾಗೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವಾಗಲೂ ತಂಗಿ ಹೇಳಿದ್ದು ಇದೇ ಮಾತು. ಒಂಬತ್ತು ಪುಟದ ಕಾಗದ. ಹತ್ತರಿಂದ ಹದಿನಾರು ವರ್ಷದ, ಯಾವ ರೋಗವೂ ಇಲ್ಲದ ಮಕ್ಕಳ ಮೆದುಳು ಬೆಳೆಯುವುದು ಹೇಗೆಂದು ನೋಡುವ ಅಧ್ಯಯನ, ವರ್ಷಕ್ಕೊಂದು ಸಲದಂತೆ ಮೂರು ವರ್ಷ ಬರಬೇಕು, ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು. "ನೀನೇ ಅಲ್ಲಿದೀಯಲ್ಲಕ್ಕ, ನಾನೇನು ಓದೋದು ಇದ್ರಲ್ಲಿ" ಎಂದು ತಂಗಿ ನೇರವಾಗಿ ಕೊನೆಯ ಪುಟ ತಿರುಗಿಸಿದ್ದಳು. ಅಧ್ಯಯನಕ್ಕೆ ಮಕ್ಕಳು ಸಾಲದೆ ಹೋದ ವರ್ಷ ಇದು. ನಿಮ್ಮ ಕಡೆ ಯಾರಾದರೂ ಇದ್ದಾರಾ ಎಂದು ಡಾಕ್ಟರಮ್ಮ ಎಲ್ಲರನ್ನೂ ಕೇಳಿದ್ದರು, ಬಲವಂತವೇನಿಲ್ಲ ಎಂದೂ ಸೇರಿಸಿದ್ದರು. ಬಲವಂತವಿಲ್ಲ ಎಂದು ಸಂಬಳ ಕೊಡುವವರು ಹೇಳಿದರೆ ಅದಕ್ಕೆ ಏನು ಅರ್ಥವೆಂದು ಪಿನ್ನಕ್ಕನಿಗೆ ಗೊತ್ತಿತ್ತು. ಮಾರನೆಯ ದಿನವೇ ತಂಗಿಯ ಮಗಳ ಹೆಸರು ಕೊಟ್ಟಿದ್ದಳು. ಹದಿನಾಲ್ಕು ವರ್ಷದ ಹುಡುಗಿ, ಮನೆಯಲ್ಲಿ ಇನ್ನೂ ಪಾಪು ಎಂದರೆ ಮೂಗಿನ ತುದಿಯಲ್ಲಿ ಸಿಟ್ಟು. "ದೊಡ್ಡಮ್ಮ ಹೇಳಿದ್ಮೇಲೆ ಆಯ್ತು" ಎಂದು ಒಪ್ಪಿಕೊಂಡಿದ್ದಳು.

ಬಸ್ಸು ಇಳಿದು ಆ ಉದ್ದನೆಯ ಗೋಡೆಯ ಪಕ್ಕ ನಡೆಯುವಾಗ ಅವಳು ಮತ್ತೆ ಆ ದಿನವನ್ನು ಮೊದಲಿಂದ ಬಿಡಿಸಿ ನೋಡಿದಳು. ಹನ್ನೆರಡು ದಿನದ ಹಿಂದೆ. ತಲೆಯಿಂದ ಆರು ಪಿನ್ನು, ಒಂದು ಕ್ಲಿಪ್ಪು. ಯಂತ್ರವೆಂದರೆ ದೊಡ್ಡದೊಂದು ಅಯಸ್ಕಾಂತ, ಮೈಮೇಲೆ ಕಬ್ಬಿಣದ ಚೂರೂ ಇರಬಾರದು. ಅದನ್ನೆಲ್ಲ ತೆಗೆಸುವುದೇ ಅವಳ ಕೆಲಸ. ಮಕ್ಕಳು ಮರೆತುಹೋದ ಪಿನ್ನುಗಳಿಂದ ಒಂದು ಡಬ್ಬಿ ತುಂಬಿ ಎರಡನೆಯದು ಅರ್ಧಕ್ಕೆ ಬಂದಿತ್ತು, ಹೆಸರೂ ಅಲ್ಲಿಂದಲೇ ಅಂಟಿಕೊಂಡಿತ್ತು. ಪಿನ್ನು ತೆಗೆದಾದ ಮೇಲೆ ಹನ್ನೆರಡು ದಾಟಿದ ಎಲ್ಲ ಹೆಣ್ಣುಮಕ್ಕಳಿಗೂ ಕೊಡುವಂತೆ ಅವಳ ಕೈಗೂ ಆ ಸಣ್ಣ ಪ್ಲಾಸ್ಟಿಕ್ ಲೋಟ ಕೊಟ್ಟಿದ್ದಳು. ಹೊಟ್ಟೆಯಲ್ಲಿ ಮಗು ಇದೆಯೋ ಇಲ್ಲವೋ ಎಂದು ನೋಡಲೇಬೇಕು, ನಿಯಮ. ನೂರಾರು ಹುಡುಗಿಯರಿಗೆ ಕೊಟ್ಟ ಕೈ. "ಎಲ್ಲರಿಗೂ ಕೇಳ್ತೀವಮ್ಮ" ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತಿತ್ತು. ಅವತ್ತು ಬರಲಿಲ್ಲ. ಹುಡುಗಿ ದೊಡ್ಡಮ್ಮನ ಮುಖ ನೋಡದೆ ಲೋಟ ತೆಗೆದುಕೊಂಡು ಹೋದಳು, ನೋಡದೆ ತಂದುಕೊಟ್ಟಳು. ಆಮೇಲೆ ಒಬ್ಬಳೇ ಕೂತು ಪ್ರಶ್ನೆಗಳಿಗೆ ಉತ್ತರ ಬರೆಯುವ ಕೋಣೆ; ಅಲ್ಲಿಗೆ ಹೆತ್ತವರಿಗೂ ಪ್ರವೇಶವಿಲ್ಲ, ಪಿನ್ನಕ್ಕನಿಗೂ ಇಲ್ಲ. ಬಾಗಿಲ ಗಾಜಿನಲ್ಲಿ ಹುಡುಗಿಯ ಬೆನ್ನು ಮಾತ್ರ ಕಾಣುತ್ತಿತ್ತು. ತುಂಬ ಹೊತ್ತು ಬರೆದಳು. ಅಷ್ಟು ಬರೆಯುವುದಕ್ಕೆ ಇವಳಿಗೇನಿದೆ ಎಂದು ಆಗಲೇ ಒಂದು ಸಣ್ಣ ಮುಳ್ಳು ಚುಚ್ಚಿತ್ತು. ಕೊನೆಗೆ ಯಂತ್ರ. ಮಗುವನ್ನು ಒಳಗೆ ತಳ್ಳಿದ ಮೇಲೆ ಹೊರಗೆ ಉಳಿಯುವುದು ಮೊಣಕಾಲಿನಿಂದ ಕೆಳಗೆ. ಬೇರೆಯವರು ಬಾಗಿಲು ಎಳೆದುಕೊಂಡು ಹೋಗುತ್ತಾರೆ, ಪಿನ್ನಕ್ಕ ಹೋಗುವವಳಲ್ಲ. ತಾನೂ ಕಿವಿಗೆ ಸ್ಪಂಜಿನ ಬಿರಡೆ ತುರುಕಿಕೊಂಡು, ಮರದ ಸ್ಟೂಲಿನ ಮೇಲೆ ಕೂತು, ಮಗುವಿನ ಪಾದದ ಮೇಲೆ ಅಂಗೈ ಇಡುತ್ತಾಳೆ. ಅದು ಅವಳದೇ ಉಪಾಯ. ಅಂಗೈ ಕೆಳಗೆ ಪಾದ ತಣ್ಣಗಿದ್ದರೆ ತಲೆಯೂ ತಣ್ಣಗಿದೆ ಎಂದರ್ಥ. ಬೆರಳು ಚಡಪಡಿಸಿದರೆ ಮೆಲ್ಲಗೆ ಒಂದು ಸಲ ಒತ್ತಿದರಾಯಿತು, ಮಗು ಮತ್ತೆ ಸುಮ್ಮನಾಗುತ್ತದೆ. "ಇವರ ಕೈ ಇದ್ದರೆ ಮಕ್ಕಳು ಅಲುಗಾಡೋದೇ ಇಲ್ಲ" ಎಂದು ಡಾಕ್ಟರಮ್ಮ ಹೊರಗಿನಿಂದ ಬಂದವರಿಗೆಲ್ಲ ಅವಳನ್ನು ಕರೆದು ತೋರಿಸುತ್ತಿದ್ದರು. ಅವತ್ತು ಹುಡುಗಿಯ ಪಾದ ಐವತ್ತು ನಿಮಿಷ ಕಲ್ಲಿನ ಹಾಗೆ ಇತ್ತು. ಒಂದೇ ಒಂದು ಸಲವೂ ಒತ್ತಬೇಕಾಗಿರಲಿಲ್ಲ. ಅದನ್ನು ಅವಳು ಯಾರ ಎದುರು ಬೇಕಾದರೂ ಹೇಳಿಯಾಳು.

ಹಾಗಿದ್ದ ಮೇಲೆ ಮಸುಕು ಎಲ್ಲಿಂದ ಬಂತು?

ಮಸುಕು ಎಂಬ ಆ ಪದದ ಒಳಹೊರಗು ಅವಳಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅದೇ ಪದವನ್ನು ಅವಳೇ ಒಬ್ಬ ತಾಯಿಯ ಕಿವಿಗೆ ಹಾಕಿದ್ದಳು. ಹನ್ನೊಂದು ವರ್ಷದ ಹುಡುಗನ ಚಿತ್ರದಲ್ಲಿ ಇರಬಾರದ ಜಾಗದಲ್ಲಿ ಒಂದು ಬಿಳಿ ಚುಕ್ಕೆ ಕಂಡಿತ್ತು. ಇಲ್ಲಿ ಯಾರೂ ರೋಗ ನೋಡುವವರಲ್ಲ. ಡಾಕ್ಟರಮ್ಮ ಎಂದರೂ ಅವರು ನಾಡಿ ಹಿಡಿದವರಲ್ಲ, ಪುಸ್ತಕ ಹಿಡಿದು ಡಾಕ್ಟರಾದವರು. ನೆಗಡಿಗೆ ಮಾತ್ರೆ ಕೇಳಿದರೆ ನಗುತ್ತಾರೆ. ಚುಕ್ಕೆ ನಿಜವೋ ಯಂತ್ರದ ತಪ್ಪೋ ಗೊತ್ತಾಗುವ ಮೊದಲೇ ಹೆದರಿಸುವುದು ಬೇಡವೆಂದು, "ಮಸುಕಾಗಿದೆ ಅಂತ ಹೇಳಿ ಕರೆಸಿ ಅಕ್ಕ, ನಿಮ್ಮ ಮಾತು ಅವರು ಕೇಳ್ತಾರೆ" ಎಂದಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ತಾಯಿ ಮಗನಿಗೆ ಹೊಸ ಶರ್ಟು ಹಾಕಿಸಿಕೊಂಡು ಬಂದಿದ್ದಳು. "ಹೋದ ಸಲ ತಂಟೆ ಮಾಡಿದ್ನಾ? ಇವತ್ತು ಮರದ ಹಾಗೆ ಮಲಗಿರ್ತಾನೆ, ನೋಡ್ತಿರಿ" ಎಂದು ಮಗನ ತಲೆಗೆ ಮೆಲ್ಲಗೆ ಮೊಟಕಿದ್ದಳು. ಏನೂ ತಪ್ಪು ಮಾಡದ ಹುಡುಗ ತಪ್ಪೊಪ್ಪಿಕೊಂಡವನ ಹಾಗೆ ತಲೆ ತಗ್ಗಿಸಿದ್ದ. ಚುಕ್ಕೆ ನಿಜವೇ ಆಗಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸಿದರು, ತಲೆ ಕೊಯ್ದರು, ಬದುಕಿದ. ಶಾಲೆಗೂ ಹೋಗುತ್ತಿದ್ದಾನೆಂದು ಸುದ್ದಿ ಬಂತು. ಎಲ್ಲ ಒಳ್ಳೆಯದೇ ಆಯಿತು. ಆದರೆ ಒಂದು ದಿನ ಬಸ್ ನಿಲ್ದಾಣದಲ್ಲಿ ಆ ತಾಯಿ ಎದುರಾಗಿ, "ಅವತ್ತು ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು. ಪಿನ್ನಕ್ಕ ಇಲ್ಲ ಎಂದಳು. ಆ ತಾಯಿ ಜಗಳ ತೆಗೆಯಲಿಲ್ಲ, ಅಳಲಿಲ್ಲ, ಅವಳ ಕೈಗಳನ್ನೇ ಒಂದು ಗಳಿಗೆ ನೋಡಿ ಬಸ್ಸು ಹತ್ತಿದಳು. ಅವತ್ತಿನಿಂದ ಬಸ್ಸಿನಲ್ಲಿ ಯಾರಾದರೂ ತನ್ನ ಕೈ ನೋಡಿದರೆ ಪಿನ್ನಕ್ಕ ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಇವತ್ತಿನ ಮಗು ಒಂದು ಬಾಯಿಬಡುಕಿ ಹುಡುಗಿ, ಹತ್ತು ತುಂಬಿತ್ತೋ ಇಲ್ಲವೋ. ಮೊದಲು ಸುಳ್ಳು ಯಂತ್ರದ ಅಭ್ಯಾಸ. ಹಲಗೆಯ ಗೂಡಿನಂಥ ಅದರಲ್ಲಿ ಅಯಸ್ಕಾಂತವಿಲ್ಲ, ಕಟಕಟ ಸದ್ದು ಮಾತ್ರ ಇದೆ. ಮಗು ಅಲುಗಿದರೆ ಎದುರಿನ ಸಿನಿಮಾ ನಿಂತುಹೋಗುತ್ತದೆ, ಸುಮ್ಮನಾದರೆ ಮುಂದುವರಿಯುತ್ತದೆ. ಹಾಗೆಯೇ ಮಕ್ಕಳು ಕಲಿಯುತ್ತವೆ. ಈ ಹುಡುಗಿ ಮೂರು ಸಲ ಸಿನಿಮಾ ನಿಲ್ಲಿಸಿ ಮೂರು ಸಲವೂ ನಕ್ಕಳು. "ಇದು ಸುಳ್ಳು ಅಂತ ನಂಗೊತ್ತು. ನಿಜದ್ರಲ್ಲಿ ಅಲುಗಾಡಲ್ಲ" ಎಂದು ಪಿನ್ನಕ್ಕನಿಗೇ ಧೈರ್ಯ ಹೇಳಿದಳು. ಇನ್ನೊಂದು ಸಮಯವಾಗಿದ್ದರೆ ಪಿನ್ನಕ್ಕ ಅವಳ ಗಲ್ಲ ಚಿವುಟಿ ನಗಿಸುತ್ತಿದ್ದಳು. ಇವತ್ತು ಅವಳ ಕಣ್ಣು ಗಾಜಿನ ಆಚೆಗಿತ್ತು. ಆಚೆ ಕೋಣೆಯಲ್ಲಿ ಟೆಕ್ನಿಷಿಯನ್ ಪರದೆಯ ಮುಂದೆ ಕೂತಿದ್ದ. ಡಾಕ್ಟರಮ್ಮ ಅವನ ಹೆಗಲ ಮೇಲಿನಿಂದ ಬಗ್ಗಿ ಏನೋ ತೋರಿಸುತ್ತಿದ್ದರು. ಪಿನ್ನಕ್ಕ ಬಾಗಿಲು ತಳ್ಳಿದ ಕೂಡಲೆ ಪರದೆಯ ಮೇಲಿನ ಚಿತ್ರ ಬದಲಾಯಿತು. ಬದಲಾಯಿತೋ, ಅಥವಾ ಬದಲಾಗುವ ಹೊತ್ತಿಗೇ ತಾನು ಹೋದಳೋ?

"ಏನಪ್ಪಾ, ಚಹಾ ಆಯ್ತಾ?" ಎಂದಳು.

"ಆಯ್ತಕ್ಕ. ನಿಮ್ದು?" ಎಂದ, ಪರದೆ ಬಿಟ್ಟು ತಿರುಗದೆ. ಐದು ವರ್ಷದಿಂದ ದಿನವೂ ಅವಳ ಡಬ್ಬಿಯಿಂದ ಒಂದು ತುತ್ತು ಕಿತ್ತು ತಿನ್ನುವವನು.

ಡಾಕ್ಟರಮ್ಮ ನೆಟ್ಟಗಾದರು. "ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆದರು. ಎಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಯಾರೂ ಕುರ್ಚಿ ಎಳೆದವರಿಲ್ಲ. ಆ ಹುಡುಗನ ತಾಯಿಗೆ ಮಾತ್ರ ಎಳೆದಿದ್ದರು, ಎರಡನೆಯ ಸಲ ಬಂದಾಗ. ಪಿನ್ನಕ್ಕ ಕೂರಲಿಲ್ಲ. ಕೂತರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ಬಾಗಿಲ ಹಿಡಿಯನ್ನು ಹಿಡಿದೇ ನಿಂತಳು.

"ನಮ್ಮ ಹುಡುಗೀದು ಮಸುಕಾಗಿದೆ ಅಂದ್ರಂತೆ."

"ಹೌದು. ಕೆಲವು ಸಲ ಆಗುತ್ತಲ್ಲ."

"ಅಲುಗಾಡಲಿಲ್ಲ ಮೇಡಂ ಅವಳು. ನನ್ನ ಕೈ ಮೇಲಿತ್ತು."

ಡಾಕ್ಟರಮ್ಮ ಟೆಕ್ನಿಷಿಯನ್ ಕಡೆ ನೋಡಿದರು. ಅವನು ನೆಲ ನೋಡಿದ. "ಅಕ್ಕ, ಅವಳ ವಿಷಯ ನಿಮ್ಮ ಹತ್ರ ಮಾತಾಡೋ ಹಾಗಿಲ್ಲ ನಾನು. ನಿಮ್ಮ ಮನೆಯವಳು ಅನ್ನೋ ಕಾರಣಕ್ಕೇ ಹೇಳೋ ಹಾಗಿಲ್ಲ. ನಿಯಮ ನಿಮಗೆ ಗೊತ್ತಿರೋದೇ."

"ಗುರುವಾರ ಯಾಕೆ ಹಾಕಿದ್ರಿ?"

"ಯಂತ್ರ ಖಾಲಿ ಇರೋದು ಅವತ್ತೇ."

ಗುರುವಾರ ಯಂತ್ರ ಎಂದೂ ಖಾಲಿ ಇರುವುದಿಲ್ಲ. ಅದೂ ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಮೂವರೂ ಆ ಸುಳ್ಳಿನ ಸುತ್ತ, ಒದ್ದೆ ನೆಲದ ಸುತ್ತ ನಿಂತವರ ಹಾಗೆ, ಯಾರು ಮೊದಲು ಕಾಲಿಡುವರೋ ಎಂದು ನಿಂತಿದ್ದರು. ಆಗ ಬಾಯಿಬಡುಕಿ ಹುಡುಗಿ ಒಳಗಿನಿಂದ, "ಆಂಟೀ, ಪಿನ್ನು ತೆಗಿಯೋದಿದ್ಯಾ ಇಲ್ವಾ?" ಎಂದು ಕೂಗಿದಳು.

ತೆಗೆದಳು. ಒಂದು, ಎರಡು, ಮೂರು. ಹಲ್ಲಿಗೆ ತಂತಿ ಇದೆಯಾ, ಜೇಬಿನಲ್ಲಿ ಏನಾದರೂ ಇದೆಯಾ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಮನಸ್ಸು ಹುಡುಗಿಯ ಕಪ್ಪು ಕೂದಲಿನೊಳಗೆ ಬೇರೊಂದು ತಲೆಯನ್ನು ಹುಡುಕುತ್ತಿತ್ತು. ಹೋದ ತಿಂಗಳು ಪಾಪು ಎರಡು ಸಲ ತಲೆನೋವು ಎಂದು ಶಾಲೆಯಿಂದ ಬೇಗ ಬಂದಿದ್ದಳು. ಮೊನ್ನೆ ಕೈಯಿಂದ ಲೋಟ ಜಾರಿ ಬಿದ್ದಿತ್ತು. ಓದುತ್ತ ಓದುತ್ತ ಗೋಡೆ ನೋಡುತ್ತ ಕೂತುಬಿಡುತ್ತಾಳೆ. ಇವೆಲ್ಲ ಹದಿನಾಲ್ಕು ವರ್ಷದ ಯಾವ ಹುಡುಗಿಯಾದರೂ ಮಾಡುವಂಥದ್ದೇ. ಈಗ ಒಂದೊಂದೂ ಸಾಕ್ಷಿಯಾಗಿ ಎದ್ದು ಬಂದು ಸಾಲಾಗಿ ನಿಲ್ಲುತ್ತಿತ್ತು. ಮಗುವನ್ನು ಹಲಗೆಯ ಮೇಲೆ ಮಲಗಿಸಿದಳು, ತಲೆಯ ಎರಡೂ ಬದಿಗೆ ಸ್ಪಂಜು ತುರುಕಿದಳು, ಮುಖದ ಮೇಲೆ ಪಂಜರದಂಥ ಮುಚ್ಚಳವನ್ನು ಇಳಿಸಿದಳು, ಕೈಗೆ ರಬ್ಬರಿನ ಗುಂಡು ಕೊಟ್ಟಳು. ಒಳಗಿರುವ ಮಗು ಸಾಕು ಎನ್ನುವುದಕ್ಕೆ ಇರುವುದು ಅದೊಂದೇ. ಒತ್ತಿದರೆ ಗಂಟೆ ಹೊಡೆಯುತ್ತದೆ, ಯಂತ್ರ ನಿಲ್ಲುತ್ತದೆ.

"ಇದ್ಯಾಕೆ?" ಎಂದಳು ಹುಡುಗಿ.

"ತೀರಾ ಆಗ್ಲೇ ಇಲ್ಲ ಅಂದ್ರೆ ಒತ್ತು."

"ಒತ್ತಿದ್ರೆ ಏನಾಗುತ್ತೆ?"

"ಏನಾಗಲ್ಲ ಕಣೆ. ಅಲ್ಲಿವರೆಗೂ ಮಾಡಿದ್ದೆಲ್ಲ ಹಾಳಾಗುತ್ತೆ, ಅಷ್ಟೆ. ಅಮ್ಮ ಇನ್ನೊಂದು ದಿನ ಕೆಲಸ ಬಿಟ್ಟು ಬರ್ಬೇಕು. ಹೆಸರಿಗೆ ಕೊಟ್ಟಿರ್ತೀವಿ. ಜಾಣಮಕ್ಕಳು ಯಾರೂ ಒತ್ತಲ್ಲ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವಳ ಕಿವಿಗೇ ತಿರುಗಿ ಬಂತು. ಎಂಟು ವರ್ಷದಿಂದ ಎಷ್ಟು ಮಕ್ಕಳಿಗೆ ಹೇಳಿದ್ದಾಳೋ, ಎಂದೂ ಕೇಳಿಸಿಕೊಂಡಿರಲಿಲ್ಲ. ಹುಡುಗಿಯ ಬಾಯಿ ಮೊದಲ ಸಲ ಮುಚ್ಚಿತ್ತು. ಗುಂಡು ಹಿಡಿದ ಕೈ ಅದನ್ನು ಮೊಟ್ಟೆ ಹಿಡಿದ ಹಾಗೆ, ಎಲ್ಲಿ ಒತ್ತಿಹೋಗುತ್ತದೋ ಎಂದು ಸಡಿಲವಾಗಿ ಹಿಡಿದಿತ್ತು. ಹಲಗೆ ಒಳಗೆ ಸರಿಯಿತು. ಪಿನ್ನಕ್ಕ ಸ್ಟೂಲಿನ ಮೇಲೆ ಕೂತು ಪಾದದ ಮೇಲೆ ಕೈ ಇಟ್ಟಳು. ಪಾದ ತಣ್ಣಗಿತ್ತು. ತಣ್ಣಗಿರುವ ಪಾದ ಏನು ಹೇಳುತ್ತಿದೆ ಎಂದು ಅವಳಿಗೆ ಮೊದಲ ಸಲ ಗೊತ್ತಾಗಲಿಲ್ಲ. ಯಂತ್ರ ಗೋಡೆಗೆ ಸುತ್ತಿಗೆ ಹೊಡೆದ ಹಾಗೆ ಹೊಡೆಯಲು ಶುರುಮಾಡಿತು.

ಮಧ್ಯಾಹ್ನ ಟೆಕ್ನಿಷಿಯನ್ ಡಬ್ಬಿಯ ಹತ್ತಿರ ಬರಲಿಲ್ಲ. ಅವಳೇ ಹೋದಳು. ಅವನು ಹಿತ್ತಲ ಮೆಟ್ಟಿಲ ಮೇಲೆ ಒಬ್ಬನೇ ಕೂತು ಫೋನು ನೋಡುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದು ಇಬ್ಬರ ನಡುವೆ ಇಟ್ಟಳು.

"ತಿನ್ನು. ಮುಖ ತಪ್ಪಿಸ್ಕೊಂಡು ಓಡಾಡಿದ್ರೆ ಹೊಟ್ಟೆ ತುಂಬುತ್ತಾ?"

"ಬೇಡಕ್ಕ."

"ಚುಕ್ಕೆ ಇದೆಯಾ?"

"ಏನು?"

"ನನ್ನ ತಂಗಿ ಮಗಳ ತಲೇಲಿ ಚುಕ್ಕೆ ಇದೆಯಾ ಇಲ್ವಾ, ಅಷ್ಟು ಹೇಳು. ಮಸುಕು ಗಿಸುಕು ಅಂತ ನಂಗೆ ಹೇಳ್ಬೇಡ. ಆ ಮಾತಿಗೆ ಬಣ್ಣ ಹಚ್ಚಿದವಳೇ ನಾನು."

ಅವನು ಅವಳ ಮುಖ ನೋಡಿದ. ಬೆಳಿಗ್ಗೆಯಿಂದ ಮೊದಲ ಸಲ. "ಅಯ್ಯೋ ಅಕ್ಕ, ಅದಾ ನಿಮ್ಮ ತಲೇಲಿರೋದು? ಚುಕ್ಕೆ ಗಿಕ್ಕೆ ಏನೂ ಇಲ್ಲ. ದೇವರಾಣೆ ಇಲ್ಲ. ನಿಜವಾಗ್ಲೂ ಮಸುಕೇ."

"ಅಲುಗಾಡಲಿಲ್ಲ ಅವಳು."

ಅವನು ಫೋನನ್ನು ಅಂಗೈಯಲ್ಲಿ ತಿರುಗಿಸಿದ. "ಅಳ್ತಾ ಇದ್ಲು ಅಕ್ಕ" ಎಂದ. "ಕಣ್ಣಿನ ಕ್ಯಾಮೆರಾ ಇದೆಯಲ್ಲ, ನಿದ್ದೆ ಮಾಡ್ತಾರಾ ಅಂತ ನೋಡೋಕೆ, ಅದ್ರಲ್ಲಿ ಕಾಣ್ತಿತ್ತು. ಹತ್ತನೇ ನಿಮಿಷದಿಂದ ಕೊನೇವರೆಗೂ. ಬಿಕ್ಕಿದಾಗೆಲ್ಲ ತಲೆ ಅಲುಗುತ್ತೆ. ಕಾಲು ಯಾಕೆ ಅಲುಗುತ್ತೆ?"

ಪಿನ್ನಕ್ಕ ತನ್ನ ಅಂಗೈ ನೋಡಿಕೊಂಡಳು.

"ಮತ್ತೆ ನೀನ್ಯಾಕೆ ನಿಲ್ಲಿಸಲಿಲ್ಲ?"

"ಮೈಕಲ್ಲಿ ಕೇಳಿದೆ, ಸರಿ ಇದೀಯಾ ಅಂತ. ಹೂಂ ಅಂದ್ಲು. ಗುಂಡು ಒತ್ತಲಿಲ್ಲ. ಒತ್ತದೇ ಇದ್ರೆ ಒಪ್ಪಿಗೆ ಇದೆ ಅಂತಾನೇ ಲೆಕ್ಕ ಅಲ್ವಾ ನಮ್ಮಲ್ಲಿ." ಅವನು ಫೋನನ್ನು ಜೇಬಿಗಿಟ್ಟ. "ನೀವು ಪಕ್ಕದಲ್ಲೇ ಕೂತಿದ್ರಿ. ಸ್ವಂತ ದೊಡ್ಡಮ್ಮ, ಅವರಿಗೆ ಗೊತ್ತಾಗದೇ ಇರುತ್ತಾ ಅಂದ್ಕೊಂಡೆ. ಡಾಕ್ಟರಮ್ಮಂಗೆ ಹೇಳಿದೆ ಆಮೇಲೆ. ನೀವಿಲ್ಲದ ದಿನ ಕರೆಸೋಣ, ಆವಾಗ ಬೇಕೋ ಬೇಡವೋ ಬಾಯಿಬಿಟ್ಟು ಹೇಳಿಯಾಳು ಅಂದ್ರು."

ನೀವಿಲ್ಲದ ದಿನ. ಬೆಳಿಗ್ಗೆಯಿಂದ ಇವರೆಲ್ಲ ಏನೋ ಬಚ್ಚಿಡುತ್ತಿದ್ದಾರೆಂದು ಅವಳು ಅನುಮಾನಪಟ್ಟದ್ದು ಸುಳ್ಳಾಗಿರಲಿಲ್ಲ. ಬಚ್ಚಿಟ್ಟದ್ದು ಹುಡುಗಿಯ ತಲೆಯೊಳಗಿನದಲ್ಲ, ತನ್ನನ್ನು. ಮನೆಯಲ್ಲಿ ಕುಡುಕ ಇದ್ದರೆ ಅವನಿಲ್ಲದ ಹೊತ್ತು ನೋಡಿ ನೆಂಟರನ್ನು ಕರೆಯುತ್ತಾರಲ್ಲ, ಹಾಗೆ. ಚುಕ್ಕೆ ಇಲ್ಲವೆಂದು ಎದೆ ಹಗುರಾಗಬೇಕಿತ್ತು, ಆಗಿಯೂ ಇತ್ತು. ಆ ಹಗುರದ ಬೆನ್ನಿಗೇ ನಾಚಿಕೆ ಬಂದು ಕೂತಿತು. ಜೊತೆಗೇ ಹಳೆಯ ಅನುಮಾನ ಇನ್ನೊಂದು ಬಾಗಿಲಿಂದ ನುಸುಳಿತು: ಅಳುವ ಮಗುವನ್ನು ಮತ್ತೆ ಕರೆಸುವುದು ಮಗುವಿನ ಬಾಯಿ ಬಿಡಿಸುವುದಕ್ಕೋ, ಹಾಳಾದ ಗಂಟೆಯನ್ನು ತುಂಬಿಸಿಕೊಳ್ಳುವುದಕ್ಕೋ? ಮೂರು ವರ್ಷದ ಲೆಕ್ಕದಲ್ಲಿ ಒಂದು ಮಗು ಕಡಿಮೆಯಾದರೆ ಇವರಿಗೆ ಎಷ್ಟು ನಷ್ಟ? ಇವನು ಯಾಕೆ ನಲವತ್ತು ನಿಮಿಷ ನೋಡುತ್ತ ಕೂತ? ಕೇಳುತ್ತ ಹೋದರೆ ಎಲ್ಲ ಬೆರಳೂ ಸುತ್ತಿ ಬಂದು ಆ ಸ್ಟೂಲಿನ ಕಡೆಗೇ ತಿರುಗುತ್ತಿದ್ದವು. ಡಬ್ಬಿಯನ್ನು ಅವನ ಮುಂದೆಯೇ ಬಿಟ್ಟು ಎದ್ದಳು.

ಸಂಜೆ ಅವಳು ತನ್ನ ಮನೆಯ ಬೀಗ ತೆಗೆಯದೆ ಪಕ್ಕದ ಮನೆಗೆ ಹೋದಳು. ತಂಗಿ ಇನ್ನೂ ಕಾರ್ಖಾನೆಯಿಂದ ಬಂದಿರಲಿಲ್ಲ. ಹುಡುಗಿ ಕಿಟಕಿಯ ಬೆಳಕಿನಲ್ಲಿ ಕೂತು ಒಂದು ಹೂವನ್ನು ಉದ್ದಕ್ಕೆ ಸೀಳಿದ ಚಿತ್ರ ಬರೆದು ಭಾಗಗಳಿಗೆ ಹೆಸರು ಹಾಕುತ್ತಿದ್ದಳು. ಪಿನ್ನಕ್ಕ ಎದುರು ಕೂತಳು.

ಹುಡುಗಿಯೇ ಕೇಳಿದಳು, ಪೆನ್ಸಿಲು ನಿಲ್ಲಿಸದೆ. "ನನ್ನ ತಲೇಲಿ ಏನಾದ್ರೂ ಇದೆಯಾ ದೊಡ್ಡಮ್ಮ?"

"ಯಾರು ಹೇಳಿದ್ದು ನಿಂಗೆ?"

"ನೀನೇ ಹೇಳಿದ್ಯಲ್ಲ, ಆ ಹುಡುಗನ ಕಥೆ. ಮಸುಕು ಅಂತ ಹೇಳಿ ಕರೆಸಿದ್ದು."

ಹೇಳಿದ್ದಳೇ? ಹೇಳಿರಬೇಕು, ಎಂದೋ, ತನ್ನ ಕೆಲಸದ ದೊಡ್ಡಸ್ತಿಕೆಗಾಗಿ. ಹಾಗಾದರೆ ನಿನ್ನೆಯಿಂದ ಈ ಹುಡುಗಿ ಒಬ್ಬಳೇ ಆ ಚುಕ್ಕೆಯನ್ನು ತಲೆಯಲ್ಲಿಟ್ಟುಕೊಂಡು ತಿರುಗಿದ್ದಾಳೆ.

"ಏನೂ ಇಲ್ಲ ಕಣಮ್ಮ. ಕೇಳ್ಕೊಂಡೇ ಬಂದೆ. ನೀನು ಅತ್ತಿದ್ದಕ್ಕೆ ಮಸುಕಾಗಿದೆ."

ಪೆನ್ಸಿಲು ನಿಂತಿತು. "ನಾನು ಕಾಲು ಅಲುಗಿಸ್ಲಿಲ್ಲ" ಎಂದಳು ಹುಡುಗಿ. "ಒಂದ್ಸಲಾನೂ ಅಲುಗಿಸ್ಲಿಲ್ಲ."

"ಗೊತ್ತು."

"ನಿನ್ನ ಕೈ ಇತ್ತಲ್ಲ ಅಲ್ಲಿ. ಅಲುಗಿದ್ರೆ ಗೊತ್ತಾಗಿಬಿಡುತ್ತೆ ಅಂತ ಬಿಗಿಯಾಗಿ ಇಟ್ಕೊಂಡಿದ್ದೆ."

"ಗುಂಡು ಯಾಕೆ ಒತ್ತಲಿಲ್ಲ ಮಗಳೇ?"

ಹುಡುಗಿ ನಿಜವಾಗಿಯೂ ಆಶ್ಚರ್ಯಪಟ್ಟಳು. "ನೀನೇ ತಾನೆ ಹೇಳಿದ್ದು, ಜಾಣಮಕ್ಕಳು ಒತ್ತಲ್ಲ ಅಂತ. ನಮ್ಮ ಮನೆ ಮಗು ಒತ್ತಿದ್ರೆ ನನ್ನ ಮರ್ಯಾದೆ ಹೋಗುತ್ತೆ ಅಂತಾನೂ ಅಂದೆ. ನಗ್ತಾ ಅಂದೆ. ಆದ್ರೂ ಅಂದೆ."

ನಗುತ್ತಲೇ ಅಂದದ್ದು. ಆ ನಗು ಈಗ ಹೊರಗಿನ ಯಾರದೋ ನಗುವಿನ ಹಾಗೆ ಪಿನ್ನಕ್ಕನಿಗೆ ಕೇಳಿಸಿತು. ಕಿಟಕಿಯಾಚೆ ಯಾರೋ ಬಕೆಟ್ಟಿನ ಕೆಳಗೆ ನಲ್ಲಿ ಬಿಟ್ಟಿದ್ದರು. ನೀರು ತುಂಬುವ ಸದ್ದು ಮೇಲೇರುತ್ತ ಹೋಯಿತು.

"ಯಾಕೆ ಅತ್ತೆ? ಉಸಿರು ಕಟ್ತಾ?"

"ಸ್ವಲ್ಪ. ಆಮೇಲೆ…" ಹುಡುಗಿ ರಬ್ಬರು ತೆಗೆದುಕೊಂಡು ತಪ್ಪಿರದ ಒಂದು ಗೆರೆಯನ್ನು ಅಳಿಸತೊಡಗಿದಳು. "ಅದಕ್ಕೆ ಮುಂಚೆ ಆ ಕೋಣೇಲಿ ಉತ್ತರ ಬರೆಸಿದ್ರಲ್ಲ. ನಿಜ ಬರಿ, ಯಾರಿಗೂ ಹೇಳಲ್ಲ ಅಂದ್ರು. ಬರೆದೆ. ಆಮೇಲೆ ಮೆಷಿನ್ನಲ್ಲಿ ಮಲಗಿದ್ಮೇಲೆ ಅನ್ನಿಸ್ತು, ಇದು ತಲೆ ಒಳಗೆ ನೋಡೋ ಮೆಷಿನ್ನು. ನಾನು ಬರೆದಿದ್ದೆಲ್ಲ ಅಲ್ಲಿ ಪರದೇಲಿ ಕಾಣುತ್ತೆ, ನೀನು ನೋಡ್ತೀಯ ಅಂತ. ಯೋಚನೆ ಮಾಡ್ಬಾರ್ದು ಅಂದ್ಕೊಂಡಷ್ಟೂ ಅದೇ ಯೋಚನೆ ಬರ್ತಿತ್ತು."

"ಹುಚ್ಚಿ. ಹಾಗೆಲ್ಲ ಕಾಣಲ್ಲ. ಕೋಸುಗಡ್ಡೆ ಕೊಯ್ದ ಹಾಗೆ ಕಾಣುತ್ತೆ, ಅಷ್ಟೆ."

"ಅದು ಈಗ ಗೊತ್ತು."

ಏನು ಬರೆದೆ ಎಂಬ ಪ್ರಶ್ನೆ ಪಿನ್ನಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ಹದಿನಾಲ್ಕು ವರ್ಷದ ಹುಡುಗಿ ದೊಡ್ಡಮ್ಮನಿಂದ ಮುಚ್ಚಿಡುವಂಥದ್ದು ಏನು? ಸಿಗರೇಟೇ, ಹುಡುಗನೇ, ತಾನೇ ಸಾಯಬೇಕೆಂಬ ಯೋಚನೆಯೇ? ಆ ಪ್ರಶ್ನೆಗಳು ಎಂಥವೆಂದು ಅವಳು ಕದ್ದು ಕೇಳಿದ್ದಳು. ಹುಡುಗಿ ಅಳಿಸಿದ ಜಾಗವನ್ನು ಊದಿ ಪುಡಿ ಹಾರಿಸಿದಳು. ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಅವಳ ಹೆಗಲು ಕಾಯುತ್ತಿತ್ತು. ಮೂಲೆಗೆ ಸೇರಿದ ಬೆಕ್ಕಿನ ಹೆಗಲಿನ ಹಾಗೆ. ಪಿನ್ನಕ್ಕ ಆ ಹೆಗಲನ್ನು ನೋಡಿ ಪ್ರಶ್ನೆಯನ್ನು ನುಂಗಿದಳು.

"ಗುರುವಾರ ಹೋಗೋದು ಬೇಡ ಅಂತ ಫೋನ್ ಮಾಡಿಬಿಡ್ಲಾ?" ಎಂದಳು.

"ಬೇಡ. ನಾನೇ ಹೇಳ್ತೀನಿ" ಎಂದಳು ಹುಡುಗಿ. "ನೀನೂ ಬಾ. ಆದ್ರೆ ನೀನು ಮಾತಾಡಬಾರದು."

ಗುರುವಾರ ಪಿನ್ನಕ್ಕ ಅದೇ ಬಸ್ಸು ಹತ್ತಿ, ಅದೇ ಗೋಡೆಯ ಪಕ್ಕ ನಡೆದು, ಹೆತ್ತವರು ಕೂರುವ ಹೊರಗಿನ ಬೆಂಚಿನ ಮೇಲೆ ತಂಗಿಯ ಪಕ್ಕ ಕೂತಳು. ಎಂಟು ವರ್ಷದಲ್ಲಿ ಆ ಬೆಂಚು ಇಷ್ಟು ಗಟ್ಟಿ ಎಂದು ಗೊತ್ತಿರಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಹುಡುಗಿ ಮೇಜಿನ ಮುಂದೆ ನಿಂತು, "ನಾನು ಮಲಗಲ್ಲ" ಎಂದಳು, ಪಾಠ ಒಪ್ಪಿಸುವ ದನಿಯಲ್ಲಿ. ಡಾಕ್ಟರಮ್ಮ ಕಾರಣ ಕೇಳಲಿಲ್ಲ. ಕೇಳಬಾರದು ಎಂಬ ನಿಯಮ ಇದೆ. ಕೇಳಬೇಕೆಂಬ ಆಸೆ ಮುಖದ ಮೇಲೆ ಒಂದು ಕ್ಷಣ ಬಂದು ಹೋದದ್ದನ್ನು ಪಿನ್ನಕ್ಕ ಬೆಂಚಿನಿಂದಲೇ ಕಂಡಳು. "ಸರಿ" ಎಂದರು. "ಅವತ್ತೇ ನಿಲ್ಲಿಸಬೇಕಿತ್ತು ನಾವು. ನಮ್ಮ ತಪ್ಪು ಅದು."

"ಹಳೇದನ್ನೂ ಅಳಿಸಿಬಿಡಿ. ನಾನು ಬರೆದ ಹಾಳೆಗಳನ್ನೂ."

ತಂಗಿ ಪಿನ್ನಕ್ಕನ ಕಡೆ ವಾಲಿದಳು. "ಏನು ಬರೆದಿದ್ದಾಳಂತೆ ಅಕ್ಕ?"

"ನಂಗೂ ಗೊತ್ತಿಲ್ಲ."

"ನಿಂಗೆ ಗೊತ್ತಿಲ್ದೇ ಇರುತ್ತಾ?"

ಡಾಕ್ಟರಮ್ಮ ಹಾಳೆಗಳನ್ನು ತಂದರು. ಕಾಗದ ಚೂರುಮಾಡುವ ಯಂತ್ರ ಬಾಗಿಲ ಪಕ್ಕದಲ್ಲೇ, ಬೆಂಚಿನಿಂದ ಕೈಯಳತೆಯಲ್ಲಿತ್ತು. ಹುಡುಗಿ ಒಂದೊಂದೇ ಹಾಳೆ ತುರುಕತೊಡಗಿದಳು. ಅವಳ ದುಂಡನೆಯ ಅಕ್ಷರ ಪಿನ್ನಕ್ಕನಿಗೆ ಕನ್ನಡಕವಿಲ್ಲದೆಯೂ ಓದಲು ಬರುವಂಥದ್ದು, ತಾನೇ ಕೈಹಿಡಿದು ತಿದ್ದಿಸಿದ ಅಕ್ಷರ. ಕತ್ತು ಸ್ವಲ್ಪ ತಿರುಗಿಸಿದ್ದರೆ ಸಾಕಿತ್ತು. ಅವಳು ಎದುರಿನ ಗೋಡೆ ನೋಡಿದಳು. ಗೋಡೆಯ ಮೇಲೆ ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕೆಂಬ ನಕ್ಷೆ ಇತ್ತು. ಯಂತ್ರ ಹಾಳೆ ನುಂಗುವಷ್ಟು ಹೊತ್ತೂ ಕತ್ತು ಅಲುಗಿಸದೆ ಅದನ್ನು ಓದಿದಳು. ಹುಡುಗಿ ಮಧ್ಯೆ ಒಂದು ಸಲ ಕೈ ನಿಲ್ಲಿಸಿ ದೊಡ್ಡಮ್ಮ ಎಲ್ಲಿ ನೋಡುತ್ತಿದ್ದಾಳೆಂದು ಪರೀಕ್ಷಿಸಿದ್ದು ಅವಳಿಗೆ ಗೊತ್ತಾಯಿತು.

ಮುಂದಿನ ವಾರದಿಂದ ಅವಳು ಗುಂಡು ಕೊಡುವಾಗ, "ಬೇಡ ಅನ್ನಿಸಿದ ಕೂಡ್ಲೇ ಒತ್ತು, ಯಾರೂ ಏನೂ ಅನ್ನಲ್ಲ" ಎನ್ನತೊಡಗಿದಳು. ಒಂದು ಸಲ ಒತ್ತಿಸಿ ಗಂಟೆಯನ್ನೂ ಕೇಳಿಸುತ್ತಿದ್ದಳು. ಸ್ಟೂಲನ್ನು ಪಾದದಿಂದ ಒಂದು ಮಾರು ದೂರಕ್ಕೆ ಸರಿಸಿಕೊಂಡಳು. ಆ ತಿಂಗಳು ಹನ್ನೊಂದು ಮಕ್ಕಳು ಬಂದರು, ನಾಲ್ವರು ಒತ್ತಿದರು. ನಾಲ್ಕು ಗಂಟೆ, ಅಂದರೆ ಅವಳ ನಲವತ್ತು ದಿನದ ಸಂಬಳ ನೀರಿಗೆ ಹೋಯಿತು. ಡಾಕ್ಟರಮ್ಮ ಒಂದು ಮಾತೂ ಆಡಲಿಲ್ಲ. ಹೊರಗಿನಿಂದ ಬಂದವರಿಗೆ ಅವಳನ್ನು ಕರೆದು ತೋರಿಸುವುದು ಮಾತ್ರ ನಿಂತಿತು. ತಂಗಿ ಇವತ್ತಿಗೂ ಅಕ್ಕನಿಗೆ ಎಲ್ಲ ಗೊತ್ತಿದೆ, ಹೇಳುತ್ತಿಲ್ಲ ಎಂದೇ ನಂಬಿದ್ದಾಳೆ. ಹುಡುಗಿ ಏನು ಬರೆದಿದ್ದಳೆಂದು ಪಿನ್ನಕ್ಕನಿಗೆ ಗೊತ್ತಾಗಲೇ ಇಲ್ಲ. ಈಗ ದೊಡ್ಡಮ್ಮ ಏನಾದರೂ ಮಾಡು ಎಂದರೆ ಹುಡುಗಿ ಮೊದಲು ಯಾಕೆ ಎಂದು ಕೇಳುತ್ತಾಳೆ. ಮೊದಲು ಹಾಗೆ ಕೇಳುತ್ತಿರಲಿಲ್ಲ.